ಪಡುವಣಕ್ಕೆ ಹರಿದದ್ದು

ಬೆಳಗಿನ ಏಳೂವರೆಗೆ ವಿರಾಜಪೇಟೆಯ ಮೀನು ಮಾರ್ಕೆಟ್ಟಿನಲ್ಲಿ
ಕಣ್ಣೂರಿನ ಲಾರಿ ಘಟ್ಟ ಹತ್ತಿ ಬಂದು
ಏದುಸಿರು ಬಿಡುತ್ತ ನಿಲ್ಲುತ್ತದೆ.
ಕಡಲು ಕಾಣದ ಊರಿಗೆ
ಕಡಲು ಬರುವುದು ಹೀಗೆ,
ಹಿಂಬದಿಯ ಹಲಗೆಯ ಸಂದಿನಿಂದ
ತೊಟತೊಟ.

ಹೋಂಸ್ಟೇ ಅತಿಥಿಗಳಿಗೆ ಅಂಜಲ್ ಒಯ್ಯುವುದು ನನ್ನ ಪಾಲಿನ ಕೆಲಸ.
ಕುಞ್ಞಾಮಿಯ ಕೊರಡಿನ ಮುಂದೆ ನಿಂತೆ.
ಮೂವತ್ತು ವರ್ಷದ ಕೊರಡು;
ನಡುವೆ ತಗ್ಗು ಬಿದ್ದು ಬಟ್ಟಲಾಗಿದೆ.
ಕಿವಿರಿಗೆ ಬೆರಳಿಟ್ಟರೆ ಒಂದೇ ಎಳೆತ,
ಕರುಳು ಹೊರಗೆ.
ಇವತ್ತು ಕೈ ನಿಂತಿತು.

"ನೋಡು."

ಹೆಬ್ಬೆರಳ ಉಗುರಿನಷ್ಟು ನೀಲಿ ಚೂರು.
ತೊಳೆಯಲಿಲ್ಲ, ಬೈಯಲಿಲ್ಲ,
ಕೊರಡಿನ ಅಂಚಿಗೆ ಅಂಟಿಸಿದಳು.
ಅಲ್ಲಿ ಮೊದಲೇ ಇದ್ದವು:
ಒಂದು ಬಿಳಿ, ಎರಡು ಹಸಿರು,
ನೈಲಾನು ಬಲೆಯ ಗಂಟು.
"ಮೊದಲೆಲ್ಲ ಅಂಜಲಿನ ಹೊಟ್ಟೆ ಸೀಳಿದರೆ
ನುಂಗಿದ ಮತ್ತಿ ಹಾಗೇ ಸಿಗುತ್ತಿತ್ತು.
ಬೆಕ್ಕಿಗೆ ಹಾಕುತ್ತಿದ್ದೆ.
ಈಗ ಬೆಕ್ಕೂ ಮೂಸಿ ನೋಡಿ ಹೋಗುತ್ತದೆ."

ಅವಳ ತಮ್ಮನ ದೋಣಿ ಅಳಿಕ್ಕಲ್‌ನಲ್ಲಿದೆ,
ವಳಪಟ್ಟಣಂ ಹೊಳೆ ಕಡಲಿಗೆ ಬೀಳುವ ಅಳಿವೆಯಲ್ಲಿ.
ಮೊನ್ನೆ ಬಲೆಗೆ ಆಮೆ ಬಂತಂತೆ,
ಬಾಯಲ್ಲಿ ಅರ್ಧ ಕ್ಯಾರಿಬ್ಯಾಗು.
ಲೋಳೆಮೀನು ಅಂದುಕೊಂಡಿರಬೇಕು ಪಾಪ,
ನೀರಲ್ಲಿ ಎರಡೂ ಒಂದೇ ಥರ ಉಸಿರಾಡುತ್ತವೆ.
ಎಳೆದರೆ ಇನ್ನೂ ಬರುತ್ತಿತ್ತು,
ಒಳಗಿನಿಂದ, ಉದ್ದಕ್ಕೆ.
ಕಣ್ಣಿಂದ ಉಪ್ಪುನೀರು ಇಳಿಯಿತಂತೆ.
"ಅಳು ಅಲ್ಲ ಅದು," ಅಂದಳು ಕತ್ತಿ ಒರೆಸುತ್ತ,
"ಆಮೆಗೆ ಹಾಗೆಯೇ, ಸುಮ್ಮನಿದ್ದರೂ ಬರುತ್ತದೆ."
ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ.
ಅವಳು ಹೇಳಲಿಲ್ಲ.
ತಕ್ಕಡಿ ಅತ್ತ ಇತ್ತ ತೂಗಿ
ಎಂಟುನೂರ ನಲವತ್ತಕ್ಕೆ ನಿಂತಿತು.

ನಾನು ಅವಳಿಗೆ ಹೇಳದೆ ಇದ್ದದ್ದು ಇದು:

ಭಾನುವಾರ ಸಂಜೆ ಅತಿಥಿಗಳು ಇಳಿದು ಹೋದ ಮೇಲೆ
ಒಂಬತ್ತು ಕೋಣೆಗಳಿಂದ ಆರು ಚೀಲ.
ಬಾಟಲಿ, ಚಿಪ್ಸು, ಶಾಂಪೂ,
ನೀಲಿ ಮುಚ್ಚಳಗಳು,
ಮಗುವೊಂದು ಬಿಟ್ಟುಹೋದ ಗಾಳಿಯಿಲ್ಲದ ಬಾತುಕೋಳಿ.
ಪಂಚಾಯಿತಿಯ ಗಾಡಿ ಗುರುವಾರ ಬಂದರೆ ಬಂತು.
ದೇಚಮ್ಮ ಮೇಡಂ ಕೆಟ್ಟವರಲ್ಲ, ಹಬ್ಬಕ್ಕೆ ಅಂಗಿ ಕೊಡಿಸುತ್ತಾರೆ.
"ಎಲ್ಲಿಗಾದರೂ ಹಾಕಿ ಬಾ," ಎನ್ನುತ್ತಾರೆ,
"ಕಣ್ಣಿಗೆ ಬೀಳಬಾರದು, ಅಷ್ಟೇ."

ಮಾಕುಟ್ಟದ ಇಳಿತದಲ್ಲಿ ಅಂಥ ತಿರುವೊಂದಿದೆ.
ಹಿಂಬದಿ ಬಿಚ್ಚಿ ಒಂದು ಒದೆತ.
ಬಿದಿರ ಮೆಳೆ ಸ್ವಲ್ಪ ದಿನ ಹಿಡಿದುಕೊಳ್ಳುತ್ತದೆ,
ಜೂನಿನಲ್ಲಿ ಕೈಬಿಡುತ್ತದೆ.
ಕೆಳಗೆ ಬಾರಪೊಳೆ.

ನಮಗೆ ಹೊಳೆಯೆಂದರೆ ಕಾವೇರಿ.
ಅವಳಿಗೆ ಸಂಕ್ರಮಣ, ತೀರ್ಥ, ಚೊಂಬು ಹಿಡಿದ ಕೈಗಳ ಸಾಲು.
ಅವಳು ಮೂಡಣಕ್ಕೆ ಹೋಗುತ್ತಾಳೆ, ನಾವು ಕೈಮುಗಿಯುತ್ತೇವೆ.
ಇದು ಬೆನ್ನು ತಿರುಗಿಸಿ ಪಡುವಣಕ್ಕೆ ಇಳಿಯುತ್ತದೆ,
ಯಾರ ಚೊಂಬಿಗೂ ಬಾರದೆ.
ಅಂಥದ್ದಕ್ಕೆ ಏನು ಹಾಕಿದರೆ ಏನು,
ಅಂತಿತ್ತು ನನ್ನ ಲೆಕ್ಕ.
ಇರಿಟ್ಟಿ ದಾಟಿ ಅದೇ ನೀರು
ವಳಪಟ್ಟಣಂ ಸೇರುತ್ತದೆಂಬುದು
ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು.

ಆ ಚೂರು ನಮ್ಮದೇ ಎಂದೇನಿಲ್ಲ.
ಲೋಕದಲ್ಲಿ ನೀಲಿ ಮುಚ್ಚಳಗಳಿಗೆ ಬರವೆ?
ಆ ರಾತ್ರಿ ಅತಿಥಿಗಳು ಅಕ್ಕಿರೊಟ್ಟಿಯೊಡನೆ ಅಂಜಲ್ ತಿಂದು
"ಎಷ್ಟು ತಾಜಾ!" ಎಂದರು. ನಾನು ನೀರು ಬಡಿಸಿದೆ,
ಮುಚ್ಚಳ ತಿರುಗಿಸಿ,
ಕಟ್ಟೆಂದ ಸದ್ದು.

ಸೋಮವಾರ. ಮಂಜು. ಹಿಂದೆ ಆರು ಚೀಲ.
ತಿರುವಿನಲ್ಲಿ ಕೈಬ್ರೇಕು ಎಳೆದು ಕೂತೆ.
ಇಳಿಯಲಿಲ್ಲ. ಹೊರಡಲೂ ಇಲ್ಲ.
ಕೆಳಗೆ ಹೊಳೆ ತನ್ನಷ್ಟಕ್ಕೆ ಮಾತಾಡುತ್ತಿತ್ತು.
ಕೆಳಗಿನಿಂದ ಕಣ್ಣೂರಿನ ಲಾರಿ ಹಾರ್ನು ಬಡಿಯುತ್ತ
ಹತ್ತಿ ಬಂತು, ಉಜ್ಜಿಕೊಂಡು ದಾಟಿತು.
ಮಂಜಿನೊಳಗೆ ಅದು ಮರೆಯಾದ ಮೇಲೆ
ಅದರ ಐಸಿನ ನೀರು ಸಣ್ಣ ಗೆರೆಯಾಗಿ
ರಸ್ತೆಯ ಮೇಲೆ ಹಿಂದಿರುಗಿ ಬಂತು,
ನನ್ನ ಚಕ್ರದ ಬಳಿ ಒಂದು ಗಳಿಗೆ ತಡೆದು,
ಬಳಸಿಕೊಂಡು,
ಪಡುವಣಕ್ಕೆ ಇಳಿಯಿತು.